ತನ್ನ ತಪ್ಪನ್ನು ತಾನೇ ಅಚ್ಚು ಹಾಕಿಸಿದ ಎಂಜಿನಿಯರ್

ಈ ಸಂಚಿಕೆಗೆ ಯಾರಾದರೂ ಒಬ್ಬ ದೊಡ್ಡ ವ್ಯಕ್ತಿಯ ಬಗ್ಗೆ ಬರೀರಿ ಅಂತ ಕ್ಲಬ್‌ನವರು ಕೇಳಿದಾಗ ನಮ್ಮ ಹಾಸ್ಟೆಲ್ ಕಾರಿಡಾರಿನ ಚೆಸ್ ಗುಂಪು, ಅಂದರೆ ನಾವು ಮೂವರು, ಎರಡೇ ನಿಮಿಷದಲ್ಲಿ ಹೆಸರು ತೀರ್ಮಾನ ಮಾಡಿಬಿಟ್ಟೆವು. ಕಾರಣ ಸ್ವಲ್ಪ ನಾಚಿಕೆಯದ್ದು. ಹೇಳಿಬಿಡ್ತೀವಿ.

ಹೋದ ಸೆಮಿಸ್ಟರ್‌ನಲ್ಲಿ ಒಂದು ಇಂಟರ್ ಕಾಲೇಜ್ ಟೂರ್ನಿಗೆ ಹೋಗಿ ಸೋತು ಬಂದೆವು. ಸೋತದ್ದು ದೊಡ್ಡ ಸುದ್ದಿಯೇನಲ್ಲ ಬಿಡಿ. ಬಂದ ಮೇಲೆ ಆಟಗಳನ್ನು ಟೈಪ್ ಮಾಡಿ, ಪಕ್ಕದಲ್ಲಿ ನಮ್ಮದೇ ಟಿಪ್ಪಣಿ ಬರೆದು, ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಹೇಗಿದೆ ನೋಡಿ ಹೇಳ್ರೋ, ಮುಚ್ಚುಮರೆ ಬೇಡ ಅಂತಲೂ ಸೇರಿಸಿದೆವು. ಬೆಂಕಿ ಎಮೋಜಿಗಳು ಬಂದವು, ಸೂಪರ್ ಮಗಾಗಳು ಬಂದವು. ಒಬ್ಬ ಫೈನಲ್ ಇಯರ್ ಸೀನಿಯರ್ ಮಾತ್ರ ಅಷ್ಟೂ ನಡೆಗಳನ್ನು ಬೋರ್ಡಿನ ಮೇಲೆ ಆಡಿ ನೋಡಿ ಉತ್ತರ ಬರೆದರು. ನೀವು ಸೋತ ಆಟಗಳನ್ನು ಹಾಕೇ ಇಲ್ಲ, ಗೆದ್ದದ್ದನ್ನು ಮಾತ್ರ ಹಾಕಿದ್ದೀರಿ, ಅದರಲ್ಲೂ ಎದುರಾಳಿಯ ತಪ್ಪನ್ನು ನಿಮ್ಮ ಪ್ಲಾನ್ ಅಂತ ಬರ್ಕೊಂಡಿದ್ದೀರಿ ಅನ್ನೋದು ಅದರ ಸಾರಾಂಶ. ಕೇಳಿದ್ದು ನಾವೇ. ಆದರೂ ಮೈ ಉರೀತು. ಎರಡು ವಾರ ಅವರ ಜೊತೆ ಮಾತಾಡಲಿಲ್ಲ. ಮೆಸ್‌ನಲ್ಲಿ ಎದುರಾದರೆ ಸಾರಿನ ಬಕೆಟ್ ಕಡೆ ನೋಡ್ತಾ ನಿಂತಿರುತ್ತಿದ್ದೆವು.

ಆ ಸಿಟ್ಟಿನಲ್ಲೇ, ಅವರ ಮಾತು ತಪ್ಪು ಅಂತ ಸಾಬೀತು ಮಾಡೋಕೆ ಹಳೇ ಚಾಂಪಿಯನ್ನರು ಹೇಗೆ ಅಭ್ಯಾಸ ಮಾಡ್ತಿದ್ದರು ಅಂತ ಓದಲು ಶುರು ಮಾಡಿದೆವು. ಸಿಕ್ಕಿಬಿದ್ದದ್ದು ಮಿಖಾಯಿಲ್ ಬೋಟ್ವಿನ್ನಿಕ್ ಕೈಗೆ.

ನಮ್ಮ ಕಾಲೇಜಿನವರಿಗೆ ಈ ಮನುಷ್ಯ ಹತ್ತಿರದವರು ಅನ್ನಿಸೋಕೆ ಒಂದು ಕಾರಣ ಇದೆ. ಅವರು ವಿಶ್ವ ಚಾಂಪಿಯನ್ ಆಗಿದ್ದಾಗಲೂ ಕೆಲಸದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ಹೆಸರಿಗೆ ಮಾತ್ರ ಅಲ್ಲ, ಲ್ಯಾಬಿಗೆ ಹೋಗಿ, ಥೀಸಿಸ್ ಬರೆದು, ಡಾಕ್ಟರೇಟ್ ತಗೊಂಡ ಎಂಜಿನಿಯರ್. ಅಸಿಂಕ್ರನಸ್ ಮತ್ತು ಸಿಂಕ್ರನಸ್ ಮಷೀನುಗಳ ಗುಣ ಎರಡೂ ಸೇರಿದ ಒಂದು ಜನರೇಟರ್ ಮೇಲೆ ಅವರು ವರ್ಷಗಟ್ಟಲೆ ಕೆಲಸ ಮಾಡಿದರು. ಇವತ್ತಿನ ಗಾಳಿಯಂತ್ರಗಳಲ್ಲಿ ಬಳಸೋ ಡಬ್ಲಿ ಫೆಡ್ ಜನರೇಟರಿಗೆ ಅದು ದೊಡ್ಡಪ್ಪನ ಮಗ ಇದ್ದ ಹಾಗೆ ಅಂತ ನಮ್ಮ ಇಇಇ ಗೆಳೆಯ ವಿವರಿಸಿದ. ನಾವು ಮೂವರಲ್ಲಿ ಇಬ್ಬರು ಕಂಪ್ಯೂಟರ್ ಸೈನ್ಸ್, ತಲೆ ಆಡಿಸಿದೆವು ಅಷ್ಟೇ.

ಹುಟ್ಟಿದ್ದು 1911ರ ಆಗಸ್ಟ್‌ನಲ್ಲಿ, ಕುಒಕ್ಕಾಲ ಅನ್ನೋ ಸಣ್ಣ ಊರಿನಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಫಿನ್ಲೆಂಡ್‌ನಲ್ಲಿತ್ತು, ಈಗ ರಷ್ಯಾದಲ್ಲಿದೆ, ಹೆಸರು ರೇಪಿನೊ. ಯಹೂದಿ ಕುಟುಂಬ. ಅಪ್ಪ ಹಲ್ಲಿನ ಸೆಟ್ ಮಾಡೋ ತಂತ್ರಜ್ಞ, ಅಮ್ಮ ಹಲ್ಲಿನ ಡಾಕ್ಟರ್. ಹುಡುಗನಿಗೆ ಒಂಬತ್ತು ವರ್ಷದ ಹೊತ್ತಿಗೆ ಅಪ್ಪ ಮನೆ ಬಿಟ್ಟು ಹೋದರು. ಚೆಸ್ ಕಲಿತದ್ದು 12ನೇ ವಯಸ್ಸಿನಲ್ಲಿ, ಅಣ್ಣನ ಸ್ಕೂಲ್ ಫ್ರೆಂಡ್ ಒಬ್ಬನಿಂದ, ಮನೆಯಲ್ಲೇ ಮಾಡಿದ ಬೋರ್ಡಿನ ಮೇಲೆ. ಇವತ್ತಿನ ಲೆಕ್ಕದಲ್ಲಿ ಇದು ತುಂಬಾ ಲೇಟು. ಈಗ 12 ವರ್ಷಕ್ಕೆ ಗ್ರ್ಯಾಂಡ್‌ಮಾಸ್ಟರ್ ಆದವರೇ ಇದ್ದಾರೆ.

ಆದರೆ ಎರಡೇ ವರ್ಷದಲ್ಲಿ, 1925ರಲ್ಲಿ, ಆಗಿನ ವಿಶ್ವ ಚಾಂಪಿಯನ್ ಕ್ಯೂಬಾದ ಕಾಪಾಬ್ಲಾಂಕ ಲೆನಿನ್‌ಗ್ರಾಡ್‌ಗೆ ಬಂದು ಒಂದೇ ಸಲ ಅನೇಕ ಜನರ ಎದುರು ಪ್ರದರ್ಶನ ಆಟ ಆಡಿದಾಗ, ಈ 14ರ ಹುಡುಗ ಅವರನ್ನು ಸೋಲಿಸಿದ. ನಾವಾಗಿದ್ದರೆ ಆ ಒಂದು ಗೆಲುವನ್ನು ರೆಸ್ಯುಮೆಯಲ್ಲಿ ಹಾಕ್ಕೊಂಡು ಪ್ಲೇಸ್‌ಮೆಂಟ್ ತನಕ ಓಡಿಸುತ್ತಿದ್ದೆವು. 1931ರಲ್ಲಿ, 20 ತುಂಬಿದ ವರ್ಷ, ಬೋಟ್ವಿನ್ನಿಕ್ ಮೊದಲ ಸಲ ಸೋವಿಯತ್ ಚಾಂಪಿಯನ್ ಆದರು. ಅದೇ ಹೊತ್ತಿಗೆ ಲೆನಿನ್‌ಗ್ರಾಡ್ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಓದು.

1933ರಲ್ಲಿ ಚೆಕೊಸ್ಲೊವಾಕಿಯಾದ ಸಾಲೊ ಫ್ಲೋರ್ ಜೊತೆ 12 ಆಟದ ಪಂದ್ಯ ನಡೀತು. ಫ್ಲೋರ್ ಆಗ ಯುರೋಪಿನ ದೊಡ್ಡ ಹೆಸರು. ಮೊದಲ ಆರು ಆಟ ಮುಗಿದಾಗ ಬೋಟ್ವಿನ್ನಿಕ್ ಎರಡು ಸೋತು ಹಿಂದಿದ್ದರು. ಆಮೇಲೆ ಒಂಬತ್ತು, ಹತ್ತನೇ ಆಟ ಗೆದ್ದು 6-6 ಸಮ ಮಾಡಿದರು. ಎದುರಾಳಿಯ ಹಳೇ ಆಟಗಳನ್ನು ಗುಡ್ಡೆ ಹಾಕಿಕೊಂಡು ಓದೋದು ಆಗಲೇ ಅವರ ಅಭ್ಯಾಸ. ಆದರೆ ಅವರು ಅದೇ ಕಣ್ಣಿನಿಂದ ತಮ್ಮ ಆಟಗಳನ್ನೂ ನೋಡ್ತಿದ್ದರು, ಎದುರಾಳಿಯ ಫೈಲ್ ತೆಗೆದ ಹಾಗೆ ತಮ್ಮ ಫೈಲನ್ನೂ ತೆಗೀತಿದ್ದರು. ಇದನ್ನು ಓದೋವಾಗ ನಮಗೆ ಸ್ವಲ್ಪ ಹೊಟ್ಟೆ ಕಲಕಿತು.

1930ರ ದಶಕದ ಕೊನೆಗೆ ಅವರು ತಮ್ಮ ತಯಾರಿಯ ವಿಧಾನವನ್ನು ಒಂದು ಲೇಖನವಾಗಿ ಬರೆದು ಪ್ರಕಟಿಸಿಬಿಟ್ಟರು. ಯಾರು ತಾನೇ ಹಾಗೆ ಮಾಡ್ತಾರೆ? ನಮ್ಮಲ್ಲಿ ಇಂಟರ್ನಲ್ಸ್‌ಗೆ ಯಾವ ಮಾಡ್ಯೂಲ್ ಓದಿದೆ ಅಂತಲೂ ಯಾರೂ ನಿಜ ಹೇಳಲ್ಲ. ಅದರಲ್ಲಿ ಸಣ್ಣ ಸಣ್ಣ ವಿಷಯಗಳೂ ಇದ್ದವು. ಟೂರ್ನಿಗೆ ಮೊದಲು ಕೆಲವು ದಿನ ಹಳ್ಳಿ ಕಡೆ ಹೋಗಿ ಒಳ್ಳೆ ಗಾಳಿ ಕುಡೀಬೇಕು, ಶುರುವಾಗೋಕೆ ನಾಲ್ಕೈದು ದಿನ ಇರುವಾಗ ಚೆಸ್ ಮುಟ್ಟಲೇಬಾರದು, ಟೈಮ್ ಸಾಕಾಗದವರು ಗೆಲುವು ಸೋಲು ಮರೆತು ಬರೀ ಗಡಿಯಾರ ನೋಡ್ಕೊಂಡು ಅಭ್ಯಾಸದ ಆಟ ಆಡಬೇಕು, ಹೀಗೆ. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಮನೇಲಿ ಒಬ್ಬನೇ ಕೂತು ಮಾಡೋ ವಿಶ್ಲೇಷಣೆಗೆ ಒಂದು ರೋಗ ಇದೆ, ಅದನ್ನು ಯಾರೂ ಪರೀಕ್ಷೆ ಮಾಡಲ್ಲ, ಹಾಗಾಗಿ ಅಲ್ಲಿ ನಮಗೆ ನಾವೇ ಸುಳ್ಳು ಹೇಳ್ಕೋಬಹುದು. ಅದಕ್ಕೆ ಅವರು ಕಂಡುಕೊಂಡ ಔಷಧಿ, ನಮ್ಮ ಆಟಕ್ಕೆ ನಾವೇ ಟಿಪ್ಪಣಿ ಬರೆದು ಅಚ್ಚು ಹಾಕಿಸೋದು. ಅಚ್ಚಾದ ಮೇಲೆ ಊರೂರಿನ ಆಟಗಾರರು ಅದನ್ನು ಬೋರ್ಡಿನ ಮೇಲಿಟ್ಟು ನೋಡ್ತಾರೆ, ತೂತು ಸಿಕ್ಕರೆ ಬರೆದು ತಿಳಿಸ್ತಾರೆ. ಆ ಭಯ ಇರೋದರಿಂದ ಬರೆಯೋವಾಗಲೇ ಮನುಷ್ಯ ಎಚ್ಚರವಾಗಿರ್ತಾನೆ.

ಗಮನಿಸಿ, ಅವರು ಕೇಳ್ತಿದ್ದದ್ದು ಅಭಿಪ್ರಾಯ ಅಲ್ಲ. ಹೇಗಿದೆ ನನ್ನ ಆಟ ಅನ್ನೋದಲ್ಲ. ಈ ನಡೆಯಲ್ಲಿ ನಾನು ಹೀಗೆ ಯೋಚಿಸಿದೆ, ಇದಕ್ಕೆ ಉತ್ತರ ಇದು ಅಂತ ಲೆಕ್ಕ ಹಾಕಿದೆ, ತಪ್ಪಿದ್ದರೆ ತೋರಿಸಿ ಅನ್ನೋದು. ನಾವು ಗ್ರೂಪಿಗೆ ಹಾಕಿದ್ದಕ್ಕೂ ಇದಕ್ಕೂ ಎಷ್ಟು ದೂರ ಅಂತ ಆಗ ಗೊತ್ತಾಯ್ತು.

ಇಲ್ಲಿ ಒಂದು ಮಾತು ಹೇಳದೇ ಮುಂದೆ ಹೋಗೋಕಾಗಲ್ಲ. ಇದೆಲ್ಲ ನಡೀತಿದ್ದದ್ದು ಸ್ಟಾಲಿನ್ ಕಾಲದ ಸೋವಿಯತ್ ದೇಶದಲ್ಲಿ. ಅಲ್ಲಿ ಆತ್ಮವಿಮರ್ಶೆ ಅನ್ನೋ ಪದಕ್ಕೆ ಇನ್ನೊಂದು ಭಯಂಕರ ಅರ್ಥ ಇತ್ತು. ಸಭೆಯಲ್ಲಿ ಎದ್ದು ನಿಂತು ಮಾಡದ ತಪ್ಪನ್ನೂ ಒಪ್ಪಿಕೊಳ್ಳಬೇಕಿತ್ತು. ಸೋವಿಯತ್ ಚೆಸ್ ವ್ಯವಸ್ಥೆಯನ್ನು ಕಟ್ಟಿ, ಬೋಟ್ವಿನ್ನಿಕ್ ಬೆನ್ನಿಗೂ ನಿಂತಿದ್ದ ನಿಕೊಲಾಯ್ ಕ್ರಿಲೆಂಕೊ ಅವರನ್ನೇ 1938ರಲ್ಲಿ ಗುಂಡಿಟ್ಟು ಕೊಂದರು. ಬೋಟ್ವಿನ್ನಿಕ್ ಆ ವ್ಯವಸ್ಥೆಗೆ ನಿಷ್ಠರಾಗೇ ಇದ್ದರು, ಅದರಿಂದ ಸಹಾಯವನ್ನೂ ಪಡೆದರು. ಬೋರ್ಡಿನ ಮೇಲೆ ಇದ್ದ ಆ ನಿಷ್ಠುರತೆಯನ್ನು ಅವರು ಬೋರ್ಡಿನ ಹೊರಗೆ ಎಷ್ಟು ತೋರಿಸಿದರು ಅಂತ ಕೇಳಿದರೆ ಉತ್ತರ ಅಷ್ಟು ಚೆನ್ನಾಗಿಲ್ಲ. ಅವರನ್ನು ದೇವರು ಮಾಡೋ ಉದ್ದೇಶ ನಮಗಿಲ್ಲ.

1940ರ ಸೋವಿಯತ್ ಚಾಂಪಿಯನ್‌ಶಿಪ್‌ನಲ್ಲಿ ಅವರು ಮುಗ್ಗರಿಸಿದರು. ಹಾಲ್ ತುಂಬಾ ಗಲಾಟೆ, ಸಿಗರೇಟ್ ಹೊಗೆ. ಅವರಿಗೆ ಅದು ಆಗುತ್ತಿರಲಿಲ್ಲ. ಸೋತವನಿಗೆ ಇದಕ್ಕಿಂತ ಒಳ್ಳೆ ನೆಪ ಬೇಕಾ? ಅವರು ದೂರಿದ್ದೂ ನಿಜ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಗೆಳೆಯ ರಾಗೋಜಿನ್‌ರನ್ನು ಕೂರಿಸಿಕೊಂಡು ಗುಟ್ಟಾಗಿ ಅಭ್ಯಾಸದ ಆಟ ಆಡಿದರು. ರಾಗೋಜಿನ್ ಮುಖಕ್ಕೇ ಹೊಗೆ ಬಿಡಬೇಕು, ರೇಡಿಯೋ ಜೋರಾಗಿ ಹಾಡ್ತಿರಬೇಕು, ಇವರು ಯೋಚನೆ ಮಾಡ್ತಿರಬೇಕು. ಮರುವರ್ಷ, 1941ರಲ್ಲಿ, ಆರು ಜನ ಒಬ್ಬರಿಗೊಬ್ಬರು ನಾಲ್ಕು ನಾಲ್ಕು ಆಟ ಆಡಿದ ಪಂದ್ಯಾವಳಿಯಲ್ಲಿ 20ಕ್ಕೆ 13.5 ತೆಗೆದು ಗೆದ್ದರು. ಎರಡನೇ ಸ್ಥಾನದ ಕೆರೆಸ್‌ಗಿಂತ ಎರಡೂವರೆ ಅಂಕ ಜಾಸ್ತಿ. ಆಮೇಲೆ ಆ ಟೂರ್ನಿಯ 60 ಆಟಗಳಿಗೂ ತಾವೇ ಟಿಪ್ಪಣಿ ಬರೆದು ಪುಸ್ತಕ ಮಾಡಿದರು. ಮಧ್ಯೆ ಯುದ್ಧ ಬಂತು. ಹೆಂಡತಿ ಗಯಾನೆ ಬ್ಯಾಲೆ ನರ್ತಕಿ, ಅವರ ತಂಡದ ಜೊತೆ ಉರಾಲ್ ಕಡೆಯ ಪೆರ್ಮ್ ಊರಿಗೆ ಹೋಗಿ, ಹಗಲು ವಿದ್ಯುತ್ ಲೈನುಗಳ ಕೆಲಸ, ರಾತ್ರಿ ಚೆಸ್ ಬರವಣಿಗೆ.

1946ರಲ್ಲಿ ವಿಶ್ವ ಚಾಂಪಿಯನ್ ಅಲೆಖಿನ್ ತೀರಿಕೊಂಡರು. ಖಾಲಿಯಾದ ಪಟ್ಟಕ್ಕೆ 1948ರಲ್ಲಿ ಹೇಗ್ ಮತ್ತು ಮಾಸ್ಕೋದಲ್ಲಿ ಐದು ಜನರ ಪಂದ್ಯಾವಳಿ ಆಯ್ತು. ಬೋಟ್ವಿನ್ನಿಕ್ 20ಕ್ಕೆ 14 ಗಳಿಸಿ ಚಾಂಪಿಯನ್ ಆದರು. ಆಮೇಲೆ ಮೂರು ವರ್ಷ ಸಾರ್ವಜನಿಕವಾಗಿ ಒಂದೇ ಒಂದು ಆಟ ಆಡಲಿಲ್ಲ, ಡಾಕ್ಟರೇಟ್ ಕೆಲಸ. 1951ರಲ್ಲಿ ಬ್ರಾನ್‌ಸ್ಟೈನ್ ಎದುರು ಪಟ್ಟ ಉಳಿಸಿಕೊಳ್ಳೋಕೆ ಕೂತಾಗ ಕೈ ತುಕ್ಕು ಹಿಡಿದಿತ್ತು. ಕೊನೆಗೆ ಎರಡು ಆಟ ಬಾಕಿ ಇರುವಾಗ ಒಂದು ಅಂಕ ಹಿಂದೆ. 23ನೇ ಆಟ ಗೆದ್ದು 12-12 ಮಾಡಿದರು, ಸಮವಾದರೆ ಪಟ್ಟ ಚಾಂಪಿಯನ್ನಿಗೇ. ಅದೇ ವರ್ಷ ಡಾಕ್ಟರೇಟೂ ಬಂತು. ಅಟೆಂಡೆನ್ಸ್ ಶಾರ್ಟೇಜ್ ಇದ್ದೂ ಪಾಸಾದ ಕೇಸು.

ಅವರ ಜೀವನದಲ್ಲಿ ನಮಗೆ ತುಂಬಾ ಇಷ್ಟವಾದದ್ದು ಗೆದ್ದದ್ದಲ್ಲ, ಸೋತ ಮೇಲಿನ ವರ್ಷಗಳು. 1957ರಲ್ಲಿ ಸ್ಮಿಸ್ಲೊವ್ ಎದುರು ಸೋತರು, 12.5-9.5. ಆಗಿನ ನಿಯಮದ ಪ್ರಕಾರ ಸೋತ ಚಾಂಪಿಯನ್ನಿಗೆ ಒಂದು ವರ್ಷದೊಳಗೆ ಮರುಪಂದ್ಯ ಸಿಗುತ್ತಿತ್ತು. 1958ರಲ್ಲಿ ವಾಪಸ್ ಗೆದ್ದರು, 12.5-10.5. ಆಮೇಲೆ 1960ರಲ್ಲಿ ಬಂದ ರಿಗಾದ ಮಿಖಾಯಿಲ್ ತಾಲ್. ವಯಸ್ಸು 23, ಆಟ ಬಿರುಗಾಳಿ. ಎಲ್ಲಿಂದಲೋ ಕುದುರೆ ಬಲಿ ಕೊಡೋದು, ಬೋರ್ಡು ಪೂರ್ತಿ ಗೋಜಲಾಗೋದು, ಎದುರಿನವರಿಗೆ ಲೆಕ್ಕ ತಪ್ಪೋದು. ಬೋಟ್ವಿನ್ನಿಕ್ 8.5-12.5ರಿಂದ ಸೋತರು. ಜಗತ್ತೆಲ್ಲ ಅಂದುಕೊಂಡದ್ದು, ಮುಗೀತು, ಮುದುಕ ಮನೆಗೆ ಅಂತ.

ಅವರು ಮನೆಗೇ ಹೋದರು, ನಿಜ. ಹೋಗಿ ಆ 21 ಆಟಗಳ ಮುಂದೆ ಕೂತರು. ತಾಲ್ ಜೀನಿಯಸ್, ನಾವೇನು ಮಾಡೋಕಾಗುತ್ತೆ ಅಂತ ಕೈ ಚೆಲ್ಲಬಹುದಿತ್ತು. ನಾವು ಹಾಗೇ ಮಾಡೋದು, ಎದುರಾಳಿಯ ರೇಟಿಂಗ್ ನೋಡಿ ಸಮಾಧಾನ ಮಾಡ್ಕೊಳ್ಳೋದು. ಅವರು ನೋಡಿದ್ದು ತಾನು ಎಲ್ಲಿ ಟೈಮ್ ಕಳ್ಕೊಂಡೆ, ಯಾವ ತರದ ಪೊಸಿಷನ್‌ಗೆ ತಾನೇ ಬಾಗಿಲು ತೆರೆದೆ, ಎಷ್ಟನೇ ಗಂಟೆಗೆ ದಣಿದೆ ಅನ್ನೋದು. ಬಂದ ಉತ್ತರಗಳು ಸಪ್ಪೆ. ದೇಹ ಗಟ್ಟಿ ಮಾಡ್ಕೋಬೇಕು. ಬೋರ್ಡ್ ಮುಚ್ಚಿಕೊಂಡಿರೋ ಹಾಗೆ ಆಡಬೇಕು. ಅವಕಾಶ ಸಿಕ್ಕರೆ ರಾಣಿಗಳನ್ನು ಬೇಗ ಬದಲಾಯಿಸಿ ಎಂಡ್‌ಗೇಮಿಗೆ ಎಳೀಬೇಕು. 1961ರಲ್ಲಿ, 49ನೇ ವಯಸ್ಸಿನಲ್ಲಿ, 13-8ರಿಂದ ಗೆದ್ದರು, ಹತ್ತು ಗೆಲುವು. ತಾಲ್‌ಗೆ ಆಗ ಕಿಡ್ನಿಯ ಕಾಯಿಲೆ ಕಾಡುತ್ತಿತ್ತು ಅನ್ನೋದನ್ನೂ ಹೇಳಬೇಕು. ಆದರೂ ಹತ್ತು ಗೆಲುವು ಬರೀ ಕಾಯಿಲೆಯ ಲೆಕ್ಕಕ್ಕೆ ಬರಲ್ಲ.

ಇಷ್ಟೆಲ್ಲ ಇದ್ದೂ ಬೋಟ್ವಿನ್ನಿಕ್ ಎಲ್ಲವನ್ನೂ ಪ್ರಕಟ ಮಾಡ್ತಿರಲಿಲ್ಲ. ಓಪನಿಂಗ್‌ಗಳಲ್ಲಿ ಕಂಡುಹಿಡಿದ ಹೊಸ ಐಡಿಯಾಗಳು ನೋಟ್‌ಬುಕ್ಕಿನಲ್ಲಿ ಗುಟ್ಟಾಗಿರುತ್ತಿದ್ದವು. ಸ್ಪರ್ಧೆ ಅಲ್ವಾ, ತಪ್ಪೇನಿಲ್ಲ. ಆದರೆ ಆ ಗುಟ್ಟಿನ ನೋಟ್‌ಬುಕ್ಕೇ ಒಮ್ಮೆ ಅವರನ್ನು ಕಚ್ಚಿತು. ಈ ಕಥೆಗಾಗಿಯೇ ನಾವು ಇಷ್ಟು ಬರೆದದ್ದು.

1962, ಬಲ್ಗೇರಿಯಾದ ವಾರ್ನಾ ನಗರ, ಚೆಸ್ ಒಲಿಂಪಿಯಾಡ್. ಸೋವಿಯತ್ ತಂಡದ ಮೊದಲ ಬೋರ್ಡಿನಲ್ಲಿ ವಿಶ್ವ ಚಾಂಪಿಯನ್ ಬೋಟ್ವಿನ್ನಿಕ್. ಅಮೆರಿಕದ ಮೊದಲ ಬೋರ್ಡಿನಲ್ಲಿ ಬಾಬಿ ಫಿಶರ್, ವಯಸ್ಸು 19. ನಮ್ಮದೇ ವಯಸ್ಸು, ಅದನ್ನು ಜಾಸ್ತಿ ಯೋಚನೆ ಮಾಡೋದು ಬೇಡ. ಇಬ್ಬರೂ ಜೀವನದಲ್ಲಿ ಆಡಿದ್ದು ಈ ಒಂದೇ ಆಟ. ಫಿಶರ್ ಗ್ರೂನ್‌ಫೆಲ್ಡ್ ಡಿಫೆನ್ಸ್ ಆಡಿದರು, ಆಟ ಬೋಟ್ವಿನ್ನಿಕ್ ಹಿಂದೆ ಸ್ಮಿಸ್ಲೊವ್ ಪಂದ್ಯಕ್ಕಾಗಿ ತಯಾರು ಮಾಡಿಟ್ಟಿದ್ದ ದಾರಿಯಲ್ಲೇ ಬಂತು. ಖುಷಿಯಾಗಿರಬೇಕು. ಅಷ್ಟರಲ್ಲಿ 17ನೇ ನಡೆಯಲ್ಲಿ ಫಿಶರ್ ತಮ್ಮ ರಾಣಿಯಿಂದ ಎಫ್4 ಮನೆಯ ಪದಾತಿಯನ್ನು ಹೊಡೆದರು. ವರ್ಷಗಟ್ಟಲೆ ಡ್ರಾಯರಿನಲ್ಲಿ ಭದ್ರವಾಗಿದ್ದ ವಿಶ್ಲೇಷಣೆಯಲ್ಲಿ ಆ ಏಟಿನ ಲೆಕ್ಕ ತಪ್ಪಿತ್ತು. ಯಾರಿಗೂ ತೋರಿಸದೇ ಇಟ್ಟ ಲೆಕ್ಕ, ಬೋರ್ಡಿನ ಮುಂದೆ ಕೂತ 19ರ ಹುಡುಗ ಒಂದೇ ನಡೆಯಲ್ಲಿ ಒಡೆದುಹಾಕಿದ. ಒಬ್ಬರೇ ಕೂತು ಮಾಡೋ ವಿಶ್ಲೇಷಣೆಯ ರೋಗದ ಬಗ್ಗೆ ಬರೆದವರು ಅವರೇ ಅನ್ನೋದನ್ನು ಮರೀಬೇಡಿ.

ಆಟ ಮುಂದಕ್ಕೆ ಹೋಗಿ, ಫಿಶರ್‌ಗೆ ಒಂದು ಪದಾತಿ ಜಾಸ್ತಿ ಇರೋ ರೂಕ್ ಎಂಡ್‌ಗೇಮಿನಲ್ಲಿ ಆ ದಿನಕ್ಕೆ ನಿಂತಿತು. ಆಗ ಆಟ ಮುಗಿಯದಿದ್ದರೆ ಕೊನೇ ನಡೆ ಕವರಿನಲ್ಲಿ ಮುಚ್ಚಿಟ್ಟು ಮರುದಿನ ಮುಂದುವರಿಸುತ್ತಿದ್ದರು. ರಾತ್ರಿ ಸೋವಿಯತ್ ತಂಡ ಒಟ್ಟಿಗೆ ಕೂತು ತಲೆ ಕೆಡಿಸಿಕೊಂಡಿತು. ಉಳಿಸೋ ದಾರಿ ಹೊಳೆದದ್ದು ತಂಡದ ಗೆಲ್ಲರ್‌ಗೆ. ಮರುದಿನ ಆಟ ಡ್ರಾ. ಫಿಶರ್‌ಗೆ ತಡೆಯಲಾರದ ನಿರಾಸೆ.

ಇಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಬೋಟ್ವಿನ್ನಿಕ್ ಬಿಡಲಿಲ್ಲ. ಆಟಕ್ಕೆ ಟಿಪ್ಪಣಿ ಬರೆದರು, ತಮ್ಮ ತಯಾರಿ ಹೇಗೆ ಒಡೆದುಹೋಯ್ತು ಅನ್ನೋದನ್ನೂ ಸೇರಿಸಿ ಪ್ರಕಟಿಸಿದರು. ಫಿಶರ್ ಎಷ್ಟೇ ಚೆನ್ನಾಗಿ ಆಡಿದ್ದರೂ ಕೊನೆಗೆ ಡ್ರಾ ಆಗುತ್ತಿತ್ತು ಅನ್ನೋದು ಅವರ ವಾದ. 1969ರಲ್ಲಿ ಫಿಶರ್ ತಮ್ಮ 60 ಆಟಗಳ ಪುಸ್ತಕ ತಂದಾಗ ಈ ಆಟವನ್ನೂ ಹಾಕಿ, ಬೋಟ್ವಿನ್ನಿಕ್ ಟಿಪ್ಪಣಿಗಳಿಗೆ ಒಂದೊಂದಾಗಿ ಉತ್ತರ ಕೊಟ್ಟು, ಗೆಲುವು ಇತ್ತು ಅಂತ ತಮ್ಮ ದಾರಿ ತೋರಿಸಿದರು. ಮಾಜಿ ಚಾಂಪಿಯನ್‌ನ ಲೆಕ್ಕದಲ್ಲಿ ತೂತು, ಅದೂ ಜಗತ್ತೆಲ್ಲ ಓದೋ ಪುಸ್ತಕದಲ್ಲಿ.

ಬೋಟ್ವಿನ್ನಿಕ್ ಏನು ಮಾಡಿದರು ಗೊತ್ತಾ? ಅದನ್ನು ಮಕ್ಕಳಿಗೆ ಹೋಮ್‌ವರ್ಕ್ ಕೊಟ್ಟರು.

ಆ ಹೊತ್ತಿಗೆ ಅವರು 1963ರಲ್ಲಿ ಪೆಟ್ರೋಸಿಯಾನ್‌ಗೆ ಪಟ್ಟ ಬಿಟ್ಟುಕೊಟ್ಟು, 1970ರಲ್ಲಿ ಸ್ಪರ್ಧೆಯಿಂದಲೇ ನಿವೃತ್ತರಾಗಿದ್ದರು. ಎಳೆಯರಿಗೆ ಚೆಸ್ ಶಾಲೆ ನಡೆಸುತ್ತಿದ್ದರು. ಅಲ್ಲಿನ ಪದ್ಧತಿ ಅವರದ್ದೇ ಜೀವನದ ಪದ್ಧತಿ. ಮಕ್ಕಳು ತಮ್ಮ ಆಟಗಳನ್ನು ತಾವೇ ವಿಶ್ಲೇಷಿಸಿ ತರಬೇಕು, ಎಲ್ಲರ ಮುಂದೆ ತೋರಿಸಬೇಕು, ಗುರುಗಳು ಮತ್ತು ಗೆಳೆಯರು ಅದನ್ನು ಅಲ್ಲಾಡಿಸಿ ನೋಡ್ತಾರೆ. ನಮ್ಮ ಲ್ಯಾಬ್ ವೈವಾ ನೆನಪಾಗುತ್ತೆ, ಆದರೆ ಅಲ್ಲಿ ಪಕ್ಕದ ಬ್ಯಾಚಿನ ರೆಕಾರ್ಡ್ ಕಾಪಿ ಹೊಡೆಯೋ ಹಾಗಿಲ್ಲ.

ಅವರ ವಿಮರ್ಶೆ ಯಾವಾಗಲೂ ಸರಿ ಇತ್ತು ಅಂದುಕೊಂಡರೆ ತಪ್ಪು. 1960ರ ದಶಕದಲ್ಲಿ ಶಾಲೆಗೆ ಬಂದ 12ರ ಒಬ್ಬ ತೆಳ್ಳನೆ ಹುಡುಗನ ಆಟ ನೋಡಿ, ಇವನಿಗೆ ಚೆಸ್ ಅಂದರೇನು ಅಂತಲೇ ಗೊತ್ತಿಲ್ಲ, ಈ ವೃತ್ತಿಯಲ್ಲಿ ಇವನಿಗೆ ಭವಿಷ್ಯ ಇಲ್ಲ ಅನ್ನೋ ಅರ್ಥದ ಮಾತು ಆಡಿದ್ದರಂತೆ. ಹುಡುಗನ ಹೆಸರು ಅನಾತೊಲಿ ಕಾರ್ಪೊವ್. 1975ರಲ್ಲಿ ವಿಶ್ವ ಚಾಂಪಿಯನ್. ತಮಾಷೆ ಅಂದರೆ ಆ ಶಾಲೆಯ ಹೋಮ್‌ವರ್ಕಿನಿಂದ ತಾನು ಪುಸ್ತಕ ಹಿಡಿಯೋದು ಕಲಿತೆ ಅಂತ ಕಾರ್ಪೊವ್ ಆಮೇಲೆ ನೆನೆಸಿಕೊಂಡಿದ್ದಾರೆ. ತೀರ್ಪು ತಪ್ಪಾಗಿತ್ತು, ಹೋಮ್‌ವರ್ಕ್ ಸರಿಯಾಗಿತ್ತು. ಒಬ್ಬ ಹುಡುಗನ ಭವಿಷ್ಯ ಹೇಳೋದು ಬೇರೆ, ಅವನ 20ನೇ ನಡೆ ತಪ್ಪು ಅಂತ ತೋರಿಸೋದು ಬೇರೆ. ಬೋಟ್ವಿನ್ನಿಕ್ ಎರಡನೆಯದರಲ್ಲಿ ಮಾತ್ರ ಗಟ್ಟಿಗರು.

ಫಿಶರ್ ಎಂಡ್‌ಗೇಮಿನ ಹೋಮ್‌ವರ್ಕಿಗೆ ಬರೋಣ. 1976ರ ಸುಮಾರು. ಬಾಕು ನಗರದಿಂದ ಬರುತ್ತಿದ್ದ, ಆಗ 13 ವರ್ಷದ ಗ್ಯಾರಿ ಕಾಸ್ಪರೊವ್, ಫಿಶರ್ ತೋರಿಸಿದ ಗೆಲುವಿನ ದಾರಿಯಲ್ಲೂ ಡ್ರಾ ಮಾಡೋ ಉಪಾಯ ಹುಡುಕಿ ತಂದ. ಬೋಟ್ವಿನ್ನಿಕ್ ಅದನ್ನು ಹುಡುಗನ ಹೆಸರಲ್ಲೇ ಪ್ರಕಟಿಸಿದರು. 1962ರ ಒಂದು ಆಟದ ಲೆಕ್ಕ ಒಬ್ಬರಿಂದ ಒಬ್ಬರಿಗೆ ದಾಟುತ್ತಾ 14 ವರ್ಷ ಓಡಿತು.

ಕೊನೆಯ ವರ್ಷಗಳಲ್ಲಿ ಅವರು ಮನುಷ್ಯನ ಹಾಗೆ ಯೋಚಿಸೋ ಒಂದು ಚೆಸ್ ಪ್ರೋಗ್ರಾಮ್ ಬರೆಯೋಕೆ ಹೊರಟರು, ಹೆಸರು ಪಯೋನೀರ್. ಎಲ್ಲಾ ನಡೆಗಳನ್ನೂ ಲೆಕ್ಕ ಹಾಕೋದರ ಬದಲು ಮುಖ್ಯವಾದದ್ದನ್ನು ಮಾತ್ರ ಆರಿಸಬೇಕು ಅನ್ನೋದು ಐಡಿಯಾ. ಅದು ಪೂರ್ತಿಯಾಗಲೇ ಇಲ್ಲ. 1995ರ ಮೇ 5ರಂದು ಮಾಸ್ಕೋದಲ್ಲಿ ತೀರಿಕೊಂಡರು, 83 ವರ್ಷ. ಎರಡು ವರ್ಷ ಆದ ಮೇಲೆ, ಅವರ ಶಿಷ್ಯ ಕಾಸ್ಪರೊವ್ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ ಎದುರು ಪಂದ್ಯ ಸೋತರು. ಈಗ ನಮ್ಮ ಫೋನಿನ ಎಂಜಿನ್ ಒಂದು ಸೆಕೆಂಡಿನಲ್ಲಿ ತಪ್ಪು ತೋರಿಸುತ್ತೆ, ಕೆಂಪು ಬಣ್ಣದಲ್ಲಿ. ಆದರೆ ಆ ನಡೆ ಆಡೋವಾಗ ನಮ್ಮ ತಲೇಲಿ ಏನಿತ್ತು ಅಂತ ಅದಕ್ಕೆ ಗೊತ್ತಿಲ್ಲ, ನಾವು ಹೇಳಲೂ ಇಲ್ಲ. ಅದು ಕೇಳೋದೂ ಇಲ್ಲ.

ಈ ಲೇಖನ ಬರೆಯೋ ಮೊದಲು ನಾವು ಇನ್ನೊಂದು ಕೆಲಸ ಮಾಡಿದೆವು. ಟೂರ್ನಿಯಲ್ಲಿ ಸೋತ ನಾಲ್ಕು ಆಟಗಳ ಸ್ಕೋರ್‌ಶೀಟ್ ಹುಡುಕಿ, ಎಂಜಿನ್ ಆನ್ ಮಾಡದೇ, ಪ್ರತಿ ನಡೆಗೂ ಆಗ ನಿಜವಾಗಿ ಏನು ಯೋಚಿಸಿದ್ದೆವು ಅಂತ ಬರೆದೆವು. ಕೆಲವು ಕಡೆ ಏನೂ ಯೋಚಿಸಿರಲಿಲ್ಲ, ಅದನ್ನೂ ಬರೆದೆವು. ನಾಲ್ಕು ಸಂಜೆ ಹಿಡೀತು. ಗ್ರೂಪಿಗೆ ಹಾಕಲಿಲ್ಲ, ನೇರ ಆ ಸೀನಿಯರ್‌ಗೆ ಕಳಿಸಿದೆವು, ಮೇಲೊಂದು ಸಾರಿ ಸೇರಿಸಿ. ಸಾರಿಗೆ ಅವರು ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಒಂದು ಸಾಲಿನ ಉತ್ತರ ಬಂತು, ಎರಡನೇ ಆಟದ 23ನೇ ನಡೆಯ ಟಿಪ್ಪಣಿ ಇನ್ನೂ ಸುಳ್ಳು ಅಂತ. ಶನಿವಾರ ಬೋರ್ಡ್ ತಗೊಂಡು ಅವರ ರೂಮಿಗೆ ಹೋಗ್ತಿದ್ದೀವಿ.